ಮೈತ್ರಿಯ ಪೆಡಲ್

ಶ್ರೀನಗರ ಬಡಾವಣೆಯ ಶಾಂತಲಾ ಮನೆಗೆ ಆಟದ ಸಾಮಾನು ಬರುತ್ತಿದ್ದುದು ಒಂದೊಂದಾಗಿ ಅಲ್ಲ, ಚೀಲಗಟ್ಟಲೆ. ಅವಳಾಗಿ ದುಡ್ಡು ಕೊಟ್ಟು ಒಂದನ್ನೂ ತಂದವಳಲ್ಲ. ಬ್ಲೌಸ್ ಹೊಲಿಸಲು, ಸೀರೆಗೆ ಫಾಲ್ ಹಾಕಿಸಲು ಬರುವ ಹೆಂಗಸರು ಹೊಲಿಗೆ ಮೆಷಿನ್ನಿನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದ ಅವಳ ಮಗಳು ಮೈತ್ರಿಯನ್ನು ನೋಡಿ "ಅಯ್ಯೋ ಪಾಪ" ಅನ್ನುತ್ತಿದ್ದರು. ಮುಂದಿನ ಸಲ ಬರುವಾಗ ತಮ್ಮ ಮಕ್ಕಳು ಆಡಿ ಬಿಟ್ಟ, ಎಷ್ಟೋ ಸಲ ಮುರಿದೇ ಬಿಟ್ಟ ಆಟಿಕೆಗಳನ್ನು ಬಟ್ಟೆಯಂಗಡಿಯ ಚೀಲಕ್ಕೆ ತುಂಬಿ ತರುತ್ತಿದ್ದರು. ಕೊಟ್ಟಾದ ಮೇಲೆ ಅವರ ಮುಖ ನೋಡಬೇಕು, ತೀರ್ಥಯಾತ್ರೆ ಮುಗಿಸಿ ಬಂದವರ ಹಾಗೆ ಹಗುರಾಗಿರುತ್ತಿತ್ತು. ಮನೆಯೂ ಖಾಲಿಯಾಯಿತು, ಪುಣ್ಯವೂ ಬಂತು. ಇನ್ನೇನು ಬೇಕು?

ಮೈತ್ರಿಗೆ ಎಂಟು ವರ್ಷ. ಹುಟ್ಟುವಾಗ ಉಸಿರು ಸಿಗದೆ ಮೆದುಳಿಗೆ ಪೆಟ್ಟು ಬಿದ್ದ ಮಗು. ಕೈಬೆರಳುಗಳು ಮಡಚಿಕೊಂಡೇ ಇರುತ್ತಿದ್ದವು. ಕತ್ತು ನಿಲ್ಲಿಸಿಕೊಳ್ಳುವುದೇ ಅವಳಿಗೊಂದು ದಿನದ ಕೆಲಸ. ಮಾತು ಬಂದಿರಲಿಲ್ಲ. ಆಗಾಗ ಸೆಳೆತ ಬಂದು ಕೈಕಾಲು ತಮ್ಮಷ್ಟಕ್ಕೆ ತಾವೇ ಎಳೆದುಕೊಳ್ಳುತ್ತಿದ್ದವು. ಇಂಥ ಹುಡುಗಿಗೆ ರಿಮೋಟ್ ಕಾರು ತಂದುಕೊಟ್ಟರೆ ಏನು ಬಂತು? ಗುಂಡಿ ಒತ್ತುವುದಕ್ಕೆ ಬೆರಳು ಬಿಚ್ಚಬೇಕಲ್ಲ! ಬಂದವರೇ ಕಾರು ಓಡಿಸಿ, ನಾಯಿ ಕುಣಿಸಿ, "ನೋಡು ಪುಟ್ಟಿ, ನೋಡು" ಎಂದು ತೋರಿಸಿ, ತಾವೇ ಖುಷಿಪಟ್ಟು ಹೊರಡುತ್ತಿದ್ದರು. ಆಡುವುದು ಬೇರೆಯವರು, ನೋಡುವುದು ಮೈತ್ರಿ. ಶಾಂತಲಾಗೆ ಒಳಗೊಳಗೇ ಉರಿಯುತ್ತಿತ್ತು. ಆದರೆ ಗಿರಾಕಿಗಳ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಲಾದೀತೇ? ನಕ್ಕು ಈಸಿಕೊಂಡು ಅಟ್ಟಕ್ಕೆ ಎಸೆಯುತ್ತಿದ್ದಳು.

ಅಟ್ಟ ತುಂಬಿತು. ಒಂದು ಬುಧವಾರ, ಇವತ್ತು ಇದರಿಂದ ಕೈ ತೊಳೆದುಕೊಂಡೇ ಬಿಡಬೇಕೆಂದು ಐದು ಚೀಲ ಇಳಿಸಿ, ಒಣ ಕಸದ ಆಟೋ ಬಂದಾಗ ಬಾಗಿಲಿಗೆ ಎಳೆದುಕೊಂಡು ಹೋದಳು. ಆಟೋದ ಮರೆಪ್ಪ ಒಂದು ಚೀಲದ ಬಾಯಿ ಬಿಚ್ಚಿ ನೋಡಿ ತಲೆಯಾಡಿಸಿದ.

"ಅಕ್ಕ, ಇದನ್ನ ಹಿಂಗೇ ತಗೊಂಡ್ರೆ ನಮ್ಗೆ ಬೈತಾರೆ. ಒಳಗೆ ಸೆಲ್ ಐತೆ, ವೈರ್ ಐತೆ, ಬಟ್ಟೆ ಐತೆ. ಸೆಲ್ ಬೇರೆ ಮಾಡಿ, ಪ್ಲಾಸ್ಟಿಕ್ ಬೇರೆ ಮಾಡಿ ಇಡಿ. ಮುಂದಿನ ವಾರ ಒಯ್ತೀನಿ."

"ಇಷ್ಟನ್ನೂ ಬಿಚ್ತಾ ಕೂತ್ರೆ ನಾನು ಬ್ಲೌಸ್ ಯಾವಾಗ ಹೊಲೀಲಪ್ಪಾ?"

ಮರೆಪ್ಪ ಆಟೋವನ್ನು ಮುಂದಿನ ಮನೆಗೆ ಓಡಿಸಿದ. ಚೀಲಗಳು ಮತ್ತೆ ಒಳಗೆ ಬಂದು ಮೆಷಿನ್ನಿನ ಪಕ್ಕ ಕೂತವು. ಜಾಗ ಸಾಲದೆ ಶಾಂತಲಾ ಮೈತ್ರಿಯ ಕುರ್ಚಿಯನ್ನು ಒಂದು ಗೇಣು ತನ್ನ ಕಡೆಗೆ ಸರಿಸಿಕೊಂಡಳು.

ಆ ಒಂದು ಗೇಣೇ ಎಲ್ಲಕ್ಕೂ ಕಾರಣವಾಯಿತು. ಮಾರನೆಯ ದಿನ ಶಾಂತಲಾ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೋಟಾರು ಹಾಕಿಸಿದ ಮೆಷಿನ್ನು ಅದು, ಕೆಳಗೆ ನೆಲದ ಮೇಲೆ ಪೆಡಲ್ ಇರುತ್ತದೆ. ಅವಳ ಕಾಲು ಪೆಡಲ್ ಮೇಲೆ ಇರಲಿಲ್ಲ. ಆದರೂ ಮೆಷಿನ್ನು ಭರ್ರನೆ ಓಡಿತು. ಸೂಜಿ ಉಗುರಿನ ಅಂಚಿಗೆ ತಗುಲಿ ಮುರಿದು ಹಾರಿತು, ದಾರ ಸುತ್ತಿಕೊಂಡು ಮೋಟಾರು ಗುರ್ರ್ ಎಂದು ನಿಂತುಹೋಯಿತು. "ಅಯ್ಯಯ್ಯೋ!" ಎಂದು ಕಿರುಚಿ ಶಾಂತಲಾ ಎದ್ದು ನಿಂತಳು. ಬಗ್ಗಿ ನೋಡಿದರೆ ಮೈತ್ರಿಯ ಎಡಗಾಲು ಪೆಡಲ್ ಮೇಲಿತ್ತು. ಮೈತ್ರಿ ನಗುತ್ತಿದ್ದಳು. ಸುಮ್ಮನೆ ನಗು ಅಲ್ಲ, ಹೊಟ್ಟೆ ಕುಣಿಯುವ ನಗು.

ವೇಣು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಸಂಜೆ ಮನೆಗೆ ಬಂದ ಗಂಡನಿಗೆ ಶಾಂತಲಾ ನಡೆದದ್ದನ್ನು ಹೇಳಿ, "ಅವಳೇ ಒತ್ತಿದ್ಲು ಅನ್ಸತ್ತೆ ರೀ" ಎಂದಳು.

ವೇಣು ಬೆರಳಿನ ಗಾಯ ನೋಡಿದ, ಮಗಳ ಕಾಲು ನೋಡಿದ. "ಸೆಳೆತ ಕಣೇ. ಕಾಲು ಎಳ್ದಿರತ್ತೆ, ಪೆಡಲ್ ಅಲ್ಲೇ ಇತ್ತು. ಸುಮ್ನೆ ಏನೇನೋ ಅಂದ್ಕೋಬೇಡ. ಆಮೇಲೆ ನಿನಗೇ ಕಷ್ಟ."

ಅವನು ಒರಟನಲ್ಲ. ಹಾಗಂದದ್ದಕ್ಕೆ ಕಾರಣವಿತ್ತು. ಮೈತ್ರಿಗೆ ಮೂರು ತುಂಬಿದಾಗ ಒಂದು ಬೆಳಿಗ್ಗೆ ಅವಳ ಬಾಯಿಂದ "ಅಮ್ಮ" ಅನ್ನುವ ಹಾಗೆ ಒಂದು ಸದ್ದು ಬಂದಿತ್ತು. ಶಾಂತಲಾ ಬೀದಿಗೆಲ್ಲಾ ಮೈಸೂರು ಪಾಕ್ ಹಂಚಿ ಬಂದಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಅದು ಮಾತಲ್ಲ, ಗಂಟಲು ತಾನಾಗಿ ಮಾಡಿದ ಸದ್ದು ಎಂದರು. ಮೈಸೂರು ಪಾಕ್ ತಿಂದವರು ಒಂದು ವರ್ಷ "ಮಗಳು ಮಾತಾಡ್ತಾಳಾ?" ಎಂದು ಕೇಳುತ್ತಲೇ ಇದ್ದರು. ಆಮೇಲೆ ಶಾಂತಲಾ ಆಸೆ ಪಡುವುದನ್ನೇ ಬಿಟ್ಟಿದ್ದಳು. ಈಗ ಮತ್ತೆ ಅದೇ ಆಸೆ ಬಂದು ಎದೆಯೊಳಗೆ ಕೂತಿತು. ಒತ್ತಿದ್ದು ಕಾಲೋ, ಮೈತ್ರಿಯೋ? ಅಷ್ಟು ಗೊತ್ತಾದರೆ ಸಾಕಿತ್ತು ಅವಳಿಗೆ.

ಮೆಷಿನ್ನಿನ ಮೋಟಾರು ಬಿಚ್ಚಿಕೊಂಡು ಅವಳು ಹೋದದ್ದು ಸಿದ್ದರಾಜು ಅಂಗಡಿಗೆ. ಮಿಕ್ಸಿ, ಫ್ಯಾನು, ಹೊಲಿಗೆ ಮೆಷಿನ್ನಿನ ಮೋಟಾರು ರಿಪೇರಿ ಮಾಡುವ, ಅರವತ್ತು ದಾಟಿದ ಮನುಷ್ಯ. ಗೋಡೆಯ ಮೇಲೊಂದು ಬುದ್ಧನ ಚಿತ್ರ, ಅದರ ಕೆಳಗೆ ಬುದ್ಧನ ಶಾಂತಿ ಒಂದಿಷ್ಟೂ ಅಂಟದ ಸಿದ್ದರಾಜು. ಯಾರೇ ಹೋಗಲಿ, ಮೊದಲು ಒಂದು ಗದರಿಕೆ.

"ಏನಮ್ಮಾ ಇದು, ದಾರ ಸಿಕ್ಕಿರುವಾಗ್ಲೇ ಯಾರು ಒತ್ತಿದ್ದು? ಬುದ್ಧಿ ಬೇಡ್ವಾ?"

ಶಾಂತಲಾ ವಿಷಯ ಹೇಳಿದಳು. ಪೆಡಲ್‌ಗೆ ಮೇಲೊಂದು ಮುಚ್ಚಳ ಮಾಡಿಕೊಡಿ ಎಂದಳು. ಸಿದ್ದರಾಜು ಕನ್ನಡಕ ಹಣೆಗೆ ಏರಿಸಿ ಅವಳನ್ನೇ ನೋಡಿದ.

"ಮಗು ಒತ್ತಿದ್ದಾ? ಅದಕ್ಕೆ ಮುಚ್ಚಳ ಕೇಳ್ತಿದ್ದೀಯಾ? ಇನ್ನೊಂದು ಪೆಡಲ್ ಕೇಳ್ಬೇಕಲ್ಲಮ್ಮಾ ನೀನು!"

"ಅಣ್ಣ, ಅದು ಸೆಳೆತ ಇರ್ಬೋದು ಅಂತಾರೆ ನಮ್ಮವ್ರು."

"ಇರ್ಬೋದು. ಅಲ್ದೇನೂ ಇರ್ಬೋದು. ನೋಡಿದ್ರೆ ತಾನೇ ಗೊತ್ತಾಗೋದು? ಮನೇಲಿ ಸೆಲ್ ಹಾಕೋ ಆಟದ ಸಾಮಾನು ಏನಾದ್ರೂ ಇದ್ಯಾ?"

ಶಾಂತಲಾಗೆ ನಗು ಬಂತು. ಏನಾದರೂ ಇದೆಯೇ ಎಂದು ಕೇಳುತ್ತಾನಲ್ಲ, ಐದು ಚೀಲ ಇತ್ತು.

ಭಾನುವಾರ ಸಿದ್ದರಾಜು ಸ್ಕ್ರೂಡ್ರೈವರ್ ಪೆಟ್ಟಿಗೆ ಹಿಡಿದು ಬಂದ. ಚೀಲಗಳನ್ನು ನೆಲದ ಮೇಲೆ ಸುರುವಿದರು. ಕಾಲಿಲ್ಲದ ಕುದುರೆ, ತಲೆಯಿಲ್ಲದ ನಾಯಿ, ರೆಕ್ಕೆ ಮುರಿದ ಹೆಲಿಕಾಪ್ಟರು, ಒಂದೇ ಕಣ್ಣಿನ ಗೊಂಬೆ, ಮೂತಿ ಸವೆದ ಕೋತಿ. ಸಿದ್ದರಾಜು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬಿಚ್ಚಿ, ಒಳಗೆ ಇಣುಕಿದ.

"ಇದೆಲ್ಲಾ ಎಲ್ಲಿ ಕೆಟ್ಟಿದೆ ಹೇಳು! ಸೆಲ್ ಸೋರಿ ಕಿಲುಬು ಹಿಡ್ದಿದೆ ಅಷ್ಟೇ. ಮೋಟಾರು ಗಟ್ಟಿಯಾಗಿದೆ. ಒಂದು ಉಪ್ಪುಕಾಗದದಲ್ಲಿ ಉಜ್ಜಿದ್ರೆ ಓಡತ್ತೆ. ಎಸೆಯೋರ್ಗೆ ಅಷ್ಟು ತಾಳ್ಮೆ ಎಲ್ಲಿದೆ?"

ಹಳೇ ಪೆಡಲ್ ಒಂದನ್ನು ಅವನೇ ತಂದಿದ್ದ. ಒಳಗಿನ ಸಾಮಾನು ಪೂರ್ತಿ ತೆಗೆದು, ಬಿಗಿ ಸ್ಪ್ರಿಂಗಿನ ಜಾಗಕ್ಕೆ ಬಾಲ್ ಪೆನ್ನಿನ ಮೆತ್ತನೆ ಸ್ಪ್ರಿಂಗ್ ಹಾಕಿದ. ಎರಡು ವೈರು ಎಳೆದು ಆಟಿಕೆಗೆ ಕೊಟ್ಟ. "ಇದಕ್ಕೆ ಮನೆ ಕರೆಂಟ್ ಮುಟ್ಸೋದೇ ಇಲ್ಲ. ಎರಡು ಸೆಲ್ಲು. ಹೆದರ್ಕೋಬೇಡ" ಎಂದ.

ಮೊದಮೊದಲು ಸುಮ್ಮನೆ ನೋಡುತ್ತಿದ್ದ ಶಾಂತಲಾ, ಮಧ್ಯಾಹ್ನದ ಹೊತ್ತಿಗೆ ತಾನೂ ನೆಲಕ್ಕೆ ಕೂತಳು. ತಲೆಯಿಲ್ಲದ ನಾಯಿಗೆ ಬಾತುಕೋಳಿಯ ತಲೆ ಹೊಲಿದಳು. ಹೆಲಿಕಾಪ್ಟರಿನ ಮೋಟಾರಿಗೆ ಬ್ಲೌಸ್ ಪೀಸಿನ ಬಣ್ಣಬಣ್ಣದ ಚೂರು ಕಟ್ಟಿದಾಗ ಅದು ತಿರುಗುವ ಛತ್ರಿಯಾಯಿತು. ಕೋತಿಯ ತಾಳ ಎಲ್ಲೋ ಕಳೆದುಹೋಗಿತ್ತು. ಅದರ ಎರಡೂ ಕೈಗೆ ಐಸ್‌ಕ್ರೀಮ್ ಕಡ್ಡಿ ಬಿಗಿದು, ಮುಂದೆ ಹಾಲಿನ ಪುಡಿಯ ಖಾಲಿ ಡಬ್ಬ ಇಟ್ಟರು. ಸವೆದ ಮೈಗೆ ಉಳಿದ ಜರಿ ಅಂಚಿನಲ್ಲಿ ಶಾಂತಲಾ ಕೈಯಲ್ಲೇ ಒಂದು ಕೋಟು ಹೊಲಿದಳು. ಅಷ್ಟು ಚಿಕ್ಕ ಕೋಟು ಹೊಲಿದು ಅವಳಿಗೆ ಅಭ್ಯಾಸವಿರಲಿಲ್ಲ, ಆದರೂ ಮದುವೆ ಬ್ಲೌಸಿಗಿಂತ ಮುತುವರ್ಜಿಯಿಂದ ಹೊಲಿದಳು. ಪೆಡಲ್ ಒತ್ತಿದರೆ ಕೋತಿ ಢಬ ಢಬ ಢಬ ಎಂದು ಡಬ್ಬ ಬಡಿಯಿತು. ಬೀದಿಯ ಕೊನೆಗೆ ಕೇಳುವಷ್ಟು ಜೋರು.

ಮೈತ್ರಿಯ ಎಡಗಾಲಿನ ಕೆಳಗೆ ಪೆಡಲ್ ಇಟ್ಟರು. ಮುಂದೆ ಕೋತಿ, ಛತ್ರಿ, ಬಾತುನಾಯಿ ಮೂರನ್ನೂ ಸಾಲಾಗಿ ಕೂರಿಸಿದರು. ವೇಣುವೂ ಬಂದು ನಿಂತ.

"ಒತ್ತು ಪುಟ್ಟಿ. ಕಾಲು ಒತ್ತು. ಜಾಣೆ ಅಲ್ವಾ? ಒತ್ತು, ಒತ್ತು" ಎಂದಳು ಶಾಂತಲಾ.

ಮೈತ್ರಿ ಒತ್ತಲಿಲ್ಲ. ಕಾಲು ಅಲ್ಲೇ ಇತ್ತು, ಸೆಳೆತ ಕೂಡ ಬರಲಿಲ್ಲ. ಅವಳು ಸೂರಿನ ಕಡೆ ನೋಡುತ್ತಾ ಕೂತಳು. ಸೋಮವಾರವೂ ಹೀಗೇ ಆಯಿತು. ಮಂಗಳವಾರವೂ ಆಯಿತು. ವ್ಯಾಯಾಮ ಮಾಡಿಸುವ ಮೇಡಂ ಧಾಟಿಯಲ್ಲಿ, ಅಂಗನವಾಡಿ ಟೀಚರ್ ಧಾಟಿಯಲ್ಲಿ, ಕೊನೆಗೆ ಅಳುವ ಧಾಟಿಯಲ್ಲೂ ಶಾಂತಲಾ ಕೇಳಿಕೊಂಡಳು. ಇಲ್ಲ. ಅವಳ ಕೈಯಿಂದ ಹೊಲಿಗೆ ಸರಿಯಾಗಿ ಬರಲಿಲ್ಲ, ಮೋಟಾರಿಲ್ಲದೆ ಕೈಯಲ್ಲೇ ಹೊಲಿಯುತ್ತಿದ್ದ ಬ್ಲೌಸಿನ ತೋಳೊಂದನ್ನು ತಿರುಗಾಮುರುಗಾ ಹೊಲಿದು ಬಿಚ್ಚಿದಳು.

ರಿಪೇರಿಯಾದ ಮೋಟಾರು ತರಲು ಹೋದಾಗ ಸಿದ್ದರಾಜುಗೆ ಹೇಳಿದಳು, "ಬಿಡಿ ಅಣ್ಣ. ಸೆಳೆತಾನೇ ಅದು. ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಟೆ."

ಸಿದ್ದರಾಜು ಗದರಲಿಲ್ಲ. ಮೋಟಾರಿನ ಧೂಳು ಒರೆಸುತ್ತಾ ಒಂದೇ ಪ್ರಶ್ನೆ ಕೇಳಿದ. "ಆವತ್ತು ಮಗು ನಕ್ತಲ್ಲ, ಏನು ನೋಡಿ ನಕ್ತಮ್ಮಾ? ಮೆಷಿನ್ನಾ?"

ಶಾಂತಲಾ ನೆನಪು ಮಾಡಿಕೊಂಡಳು. ತಾನು ಕಿರುಚಿ ಎದ್ದದ್ದು, ಬಗ್ಗಿದ್ದು, ಮೈತ್ರಿಯ ಕಣ್ಣು. ಆ ಕಣ್ಣು ಮೆಷಿನ್ನಿನ ಮೇಲೆ ಇರಲಿಲ್ಲ. "ನನ್ನ ನೋಡಿ" ಎಂದಳು. "ನಾನು ಹೆದ್ರಿ ಎದ್ನಲ್ಲ, ಆ ನನ್ನ ಮುಖ ನೋಡಿ."

"ಮತ್ತೆ? ಮೂರು ದಿನದಿಂದ ನೀವೆಲ್ಲಾ ಎದುರಿಗೆ ಕೂತ್ಕೊಂಡು ಒತ್ತು ಒತ್ತು ಅಂತ ಪ್ರಾಣ ತಿಂದ್ರೆ ಅದ್ಯಾಕೆ ಒತ್ತತ್ತೆ? ನನ್ನ ಮೊಮ್ಮಗಳೂ ಹಂಗೇ. ಬಾಗಿಲ ಹಿಂದೆ ನಿಂತು ಭೌ ಅಂತಾಳೆ. ಎಲ್ಲಿ, ಈಗ ಭೌ ಅನ್ನು ಅಂದ್ರೆ ಅಂತಾಳಾ? ಕೋತೀನ ನಿನ್ನ ಬೆನ್ನ ಹಿಂದೆ ಎಲ್ಲಾದ್ರೂ ಬಚ್ಚಿಡು. ಪೆಡಲ್ ಅವಳ ಕಾಲ ಹತ್ರ ಇರ್ಲಿ. ಅವಳನ್ನ ಏನೂ ಕೇಳ್ಬೇಡ. ನಿನ್ನ ಪಾಡಿಗೆ ನೀನು ಬ್ಲೌಸ್ ಹೊಲಿ."

ಶಾಂತಲಾ ಹಾಗೇ ಮಾಡಿದಳು. ಹೊಲಿದ ಬಟ್ಟೆ ಜೋಡಿಸಿಡುವ ಗೋಡೆ ಹಲಗೆಯ ಮೇಲೆ ಕೋತಿಯನ್ನು ಕೂರಿಸಿ, ಮುಂದೊಂದು ದುಪಟ್ಟಾ ಇಳಿಬಿಟ್ಟಳು. ಮೈತ್ರಿಗೆ ತೋರಿಸಲು ಒಂದೇ ಒಂದು ಸಲ ಒತ್ತಿದಳು. ಆಮೇಲೆ ಅವಳ ಕಾಲನ್ನು ಪೆಡಲ್ ಪಕ್ಕಕ್ಕೆ ಇಟ್ಟು, ತನ್ನ ಪಾಡಿಗೆ ತಾನು ಕೂತಳು. ಸೆಳೆತ ಬಂದರೆ ಪಕ್ಕದಲ್ಲಿರುವ ಕಾಲು ಪೆಡಲ್ ಮೇಲೆ ಬೀಳುವುದು ಅಷ್ಟು ಸುಲಭವಲ್ಲ ಎಂದು ಲೆಕ್ಕ ಹಾಕಿಯೇ ಹಾಗೆ ಇಟ್ಟಿದ್ದಳು.

ಮಧ್ಯಾಹ್ನ ಸರಸ್ವತಿ ಬಂದರು. ಜಯನಗರ ನಾಲ್ಕನೇ ಬ್ಲಾಕಿನವರು, ನಿವೃತ್ತ ಹೈಸ್ಕೂಲ್ ಟೀಚರ್. ಚೀಲ ಕೊಡುವವರಲ್ಲಿ ಎಲ್ಲರಿಗಿಂತ ಮುಂದು. ಆವತ್ತೂ ಕೈಯಲ್ಲೊಂದು ಚೀಲವಿತ್ತು. ಶಾಂತಲಾ ಮನಸ್ಸಿನಲ್ಲೇ ಮೂಗು ಮುರಿದು, ಹೊರಗೆ ನಗುತ್ತಾ, ಹೊಸ ಬ್ಲೌಸನ್ನು ಅವರ ಮೈಗೆ ಹಿಡಿದು ಪಿನ್ನು ಚುಚ್ಚತೊಡಗಿದಳು.

"ತೋಳು ಒಂಚೂರು ಸಡಿಲ ಬಿಡು ಶಾಂತಲಾ. ಹೋದ್ಸಲ ಕೈ ಎತ್ತಕ್ಕೇ ಆಗ್ತಿರ್ಲಿಲ್ಲ" ಎಂದು ಸರಸ್ವತಿ ಕೈ ಎತ್ತಿ ತೋರಿಸಿದರು.

ಢಬ ಢಬ ಢಬ ಢಬ!

"ಅಯ್ಯೋ ರಾಮಾ!" ಸರಸ್ವತಿ ಎಗರಿದ ರಭಸಕ್ಕೆ ಪಿನ್ನಿನ ಡಬ್ಬಿ ಉರುಳಿ ನೆಲವೆಲ್ಲಾ ಪಿನ್ನಾಯಿತು. ಶಾಂತಲಾಳೂ ಬೆಚ್ಚಿದಳು, ಕೋತಿ ಅಲ್ಲಿದೆಯೆಂದು ಗೊತ್ತಿದ್ದೂ. ತಿರುಗಿ ನೋಡಿದಳು. ಮೈತ್ರಿ ಕತ್ತು ಹಿಂದಕ್ಕೆ ಹಾಕಿ ಗೊಳ್ಳೆಂದು ನಗುತ್ತಿದ್ದಳು. ಕಾಲು ಪೆಡಲ್ ಮೇಲಿತ್ತು.

ಒಂದು ಸಲಕ್ಕೆ ನಂಬಬಾರದು ಎಂದುಕೊಂಡಳು ಶಾಂತಲಾ. ಮೈಸೂರು ಪಾಕ್ ನೆನಪಿತ್ತು. ಏನೂ ಆಗದವಳ ಹಾಗೆ ಪಿನ್ನು ಆರಿಸಲು ಬಗ್ಗಿದಳು. ಸರಸ್ವತಿಯೂ ಬಗ್ಗಿದರು. ಒಂದು ಪಿನ್ನು, ಎರಡು, ಮೂರು. ಇಬ್ಬರೂ ಮೈಮರೆತು ನಾಲ್ಕನೆಯದಕ್ಕೆ ಕೈ ಹಾಕಿದಾಗ ಮತ್ತೆ ಢಬ ಢಬ ಢಬ! ಇಬ್ಬರ ತಲೆಗಳೂ ಢಿಕ್ಕಿ ಹೊಡೆದವು. ಮೈತ್ರಿಯ ನಗು ಹೊರಗಿನ ಬೀದಿಗೂ ಕೇಳಿಸಿತು.

"ಏನೇ ಇದು? ಯಾರು ಮಾಡ್ತಿರೋದು?" ಸರಸ್ವತಿ ಹಣೆ ಉಜ್ಜಿಕೊಂಡರು.

ಶಾಂತಲಾ ದುಪಟ್ಟಾ ಸರಿಸಿದಳು. ಸರಸ್ವತಿ ಕೋತಿಯನ್ನು ನೋಡಿದರು, ಜರಿ ಕೋಟನ್ನು ನೋಡಿದರು, ವೈರಿನ ಜಾಡು ಹಿಡಿದು ಮೈತ್ರಿಯ ಕಾಲಿನವರೆಗೆ ಬಂದರು. "ಇದು ನಮ್ಮ ಚಿರಂತ್‌ದು ಕಣೇ! ಮೊಮ್ಮಗ ಎರಡೇ ದಿನ ಆಡಿ ಮೂಲೆಗೆಸ್ದಿದ್ದ. ಇವಳು ಒತ್ತಿದ್ಲಾ? ಇವಳೇ?"

"ನೀವೇ ನೋಡಿ ಆಂಟಿ."

ಸರಸ್ವತಿ ಕುರ್ಚಿ ಎಳೆದುಕೊಂಡು ಕೂತು, "ಎಲ್ಲಿ, ನನ್ನ ಹೆದರ್ಸು ನೋಡೋಣ" ಎಂದು ಕಾದರು. ಏನೂ ಆಗಲಿಲ್ಲ. ಮೈತ್ರಿ ಸೂರು ನೋಡಿದಳು. ಐದು ನಿಮಿಷ ಕಾದು ಬೇಸತ್ತು, ನೀರು ಕುಡಿಯಲೆಂದು ಲೋಟ ಎತ್ತಿದ ಕ್ಷಣ ಕೋತಿ ಬಡಿಯಿತು. ನೀರು ಸೀರೆಯ ಮೇಲೆ ಚೆಲ್ಲಿತು. ಈ ಸಲ ಶಾಂತಲಾ ಕೋತಿಯ ಕಡೆ ನೋಡಿರಲಿಲ್ಲ, ಮಗಳನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಮೈತ್ರಿ ಲೋಟ ಮೇಲೇಳುವುದನ್ನು ನೋಡಿದ್ದು, ತುಟಿ ಬಿಗಿಹಿಡಿದದ್ದು, ಕಾಲು ನಿಧಾನಕ್ಕೆ, ಕಷ್ಟಪಟ್ಟು, ಬೆವರೊಡೆಯುವಷ್ಟು ಕಷ್ಟಪಟ್ಟು ಪಕ್ಕಕ್ಕೆ ಜಾರಿ ಪೆಡಲ್ ಹತ್ತಿದ್ದು, ಎಲ್ಲವನ್ನೂ ಕಂಡಳು. ಸೆಳೆತಕ್ಕೆ ಹೊಂಚು ಹಾಕಲು ಬರುವುದಿಲ್ಲ.

ಶಾಂತಲಾ ನೆಲದ ಮೇಲೆ, ಪಿನ್ನುಗಳ ನಡುವೆಯೇ ಕೂತುಬಿಟ್ಟಳು. ಅಳು ಬಂತು, ಅತ್ತಳು. ಸರಸ್ವತಿ ಒದ್ದೆ ಸೀರೆಯಲ್ಲೇ ಬಂದು ಅವಳ ತಲೆ ನೇವರಿಸಿದರು. ಎಷ್ಟು ಸಲ ಮನಸ್ಸಿನಲ್ಲೇ ಶಾಪ ಹಾಕಿದ್ದಳು ಈ ಹೆಂಗಸಿಗೆ! ಈಗ ಅವರ ಕೈ ಹಿಡಿದುಕೊಂಡು, "ಆಂಟಿ, ನೀವು ಆ ಕೋತಿ ಕೊಟ್ಟಿದ್ದಕ್ಕೆ..." ಎಂದು ಶುರುಮಾಡಿ ಮುಗಿಸಲಾರದೆ ಹೋದಳು.

"ನಾನೇನು ಕೊಟ್ಟೆ? ಮನೆ ಕಸ ತಂದು ನಿನ್ನ ಮನೇಲಿ ಸುರೀತಿದ್ದೆ" ಎಂದರು ಸರಸ್ವತಿ. ಹೇಳಿದ್ದು ನಿಜವೇ. ಆದರೆ ಅದನ್ನು ಅವರೇ ಹೇಳಿದ್ದು ದೊಡ್ಡದು. ಆವತ್ತು ತಂದ ಚೀಲವನ್ನು ಹಾಗೇ ಇಟ್ಟು ಹೋಗಲಿಲ್ಲ. ತಾವೇ ಸುರುವಿ ಕೂತು, ಒಂದೊಂದನ್ನೂ ಅಲ್ಲಾಡಿಸಿ ಸದ್ದು ಮಾಡುವುದನ್ನೆಲ್ಲ ಬೇರೆ ಇಟ್ಟರು. ಸಂಜೆಯೊಳಗೆ ಶಾಂತಲಾ ಸಿದ್ದರಾಜು ಅಂಗಡಿಗೆ ಓಡಿಹೋಗಿ ಸುದ್ದಿ ಮುಟ್ಟಿಸಿದಳು. ಆ ಸಿಡುಕ ಕನ್ನಡಕ ತೆಗೆದು ಎರಡು ಸಲ ಒರೆಸಿ, "ಸೆಲ್ ಬೇಗ ಮುಗ್ಯತ್ತೆ ಇನ್ಮೇಲೆ, ಜೋಪಾನ" ಎಂದ. ಅವಳು ಕೈ ಮುಗಿದರೆ, "ಹೋಗಮ್ಮಾ, ಕೆಲಸ ಇದೆ" ಎಂದು ಗದರಿದ. ಬಯ್ಯುವವರಿಗೂ ಹೀಗೆ ಋಣಿಯಾಗಿರಬಹುದು ಅನ್ನುವುದು ಶಾಂತಲಾಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ವೇಣು ಡ್ಯೂಟಿ ಮುಗಿಸಿ ಬಂದಾಗ ಅವಳು ಒಂದು ಮಾತೂ ಹೇಳಲಿಲ್ಲ. ಹೇಳಬೇಕಾದವಳು ಬೇರೆ ಇದ್ದಳು. ಕಾಫಿ ಕೊಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ವೇಣು ಹಲಗೆಗೆ ಬೆನ್ನು ಹಾಕಿ ಕೂತು, ಲೋಟ ತುಟಿಗೆ ತಂದ.

ಢಬ ಢಬ ಢಬ!

ಕಾಫಿ ಖಾಕಿ ಅಂಗಿಯ ಮೇಲೆ ಪೂರಾ ಇಳಿಯಿತು. ಅವನು ಹಾರಿ ನಿಂತು ಹಿಂದೆ ನೋಡಿದ, ಮುಂದೆ ನೋಡಿದ. ಮೈತ್ರಿ ನಗುತ್ತಿದ್ದಳು. ಅವನಿಗೆ ಅರ್ಥವಾಗಲಿಲ್ಲ. ಕರವಸ್ತ್ರ ತೆಗೆದು ಅಂಗಿ ಒರೆಸಿಕೊಳ್ಳಲು ತಲೆ ಬಗ್ಗಿಸಿದ್ದೇ ತಡ, ಇನ್ನೊಂದು ಸಲ ಢಬ ಢಬ ಢಬ!

"ಏಯ್ ಕಳ್ಳೀ!" ವೇಣು ಗುಡುಗಿದ. "ಯೂನಿಫಾರಂ ಎಲ್ಲಾ ಹಾಳ್ ಮಾಡ್ಬಿಟ್ಯಲ್ಲೇ! ನಾಳೆ ಏನ್ ಹಾಕ್ಕೊಂಡ್ ಹೋಗ್ಲಿ ನಾನು? ಇನ್ನೊಂದ್ಸಲ ಮಾಡು, ಬೆನ್ನಿಗೆ ಬೀಳತ್ತೆ ನೋಡು!"

ಅಂದವನು ಹಾಗೇ ನಿಂತುಬಿಟ್ಟ. ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು. ಎಂಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಮೈತ್ರಿಯನ್ನು ಬೈದಿರಲಿಲ್ಲ. ಬೈಯಲು ಅವಳು ಮಾಡಿದ್ದಾದರೂ ಏನು? ತಿನ್ನಿಸಿದರೆ ತಿಂದಳು, ಮಲಗಿಸಿದರೆ ಮಲಗಿದಳು. ಕೀಟಲೆ ಮಾಡಲೂ ಕೈಕಾಲು ಮಾತು ಕೇಳಬೇಕಲ್ಲ. ಬೈಸಿಕೊಂಡ ಮೈತ್ರಿಯ ಮುಖ ಅರಳಿ ಇಷ್ಟಗಲವಾಗಿತ್ತು. ಯಾರು ಏನು ಕೊಟ್ಟಾಗಲೂ ಅವಳ ಮುಖದಲ್ಲಿ ಆ ಹೆಮ್ಮೆ ಕಂಡಿರಲಿಲ್ಲ.

ವೇಣು ಮಗಳ ಕುರ್ಚಿಯ ಮುಂದೆ ಮಂಡಿಯೂರಿ ಕೂತ. "ನೀನಾ?" ಎಂದ. "ನೀನೇನಾ ಮಾಡಿದ್ದು? ಇನ್ನೊಂದ್ಸಲ ಮಾಡ್ತೀಯಾ ಪುಟ್ಟಿ?"

ಮೈತ್ರಿ ಮಾಡಲಿಲ್ಲ. ಸೂರು ನೋಡುತ್ತಾ ಕಾದಳು. ಅಪ್ಪ ಕಣ್ಣೊರೆಸಿಕೊಳ್ಳಲು ಮುಖ ಆ ಕಡೆ ತಿರುಗಿಸುವವರೆಗೂ ಕಾದು, ಆಮೇಲೆ ಒತ್ತಿದಳು.